ಹಬ್ಬ ಮುಗಿಯಲಿ: ನಾಲ್ಕು ಸಾಲಿನ ಒಂದು ನೆನಪನ್ನು ತಿದ್ದಿದ ಪ್ರಕರಣ

"ಅವನು ನಗ್ತಾನೇ ಇರಲಿಲ್ಲ," ಅಂದರು ಅಜ್ಜಿ.

2018ರ ಏಪ್ರಿಲ್. ಇಸ್ರೇಲಿನಲ್ಲಿ ಯುದ್ಧದಲ್ಲಿ ಸತ್ತವರ ಸ್ಮರಣೆಯ ದಿನ ಶುರುವಾಗುವ ರಾತ್ರಿ. ಎಂಟರ ಸೈರನ್ ಆಗಷ್ಟೇ ನಿಂತಿತ್ತು. ಉತ್ತರ ಇಸ್ರೇಲಿನ ಒಂದು ಕಿಬ್ಬುತ್ಸ್, ಅಂದರೆ ಕೂಡಿ ಬಾಳುವ ಊರು. ಅದರ ಊಟದ ಹಾಲಿನ ಮುಂದಿನ ಹುಲ್ಲುಹಾಸು. ಎಲ್ಲರೂ ಬಿಳಿ ಅಂಗಿಯಲ್ಲಿದ್ದರು. ಎದೆಯ ಮೇಲೆ ಕೆಂಪು ಹೂವಿನ ಸ್ಟಿಕ್ಕರ್. ಯುದ್ಧಗಳಲ್ಲಿ ಸತ್ತ ಊರಿನವರ ಹೆಸರನ್ನು ಒಂದೊಂದಾಗಿ ಓದುತ್ತಿದ್ದರು. ಹೆಸರು, ಅದರ ಹಿಂದೆ ನಾಲ್ಕು ಸಾಲು. ಸಾಲು ಮುಗಿದಾಗ ಆ ಮನೆಯವರು ಯಾರಾದರೂ ಎದ್ದು ದೀಪ ಹಚ್ಚುತ್ತಿದ್ದರು. ಒಂದು ಹೆಸರಿಗೆ ಮಾತ್ರ ಯಾರೂ ಏಳಲಿಲ್ಲ. ಕಿಬ್ಬುತ್ಸ್‌ನ ಕಾರ್ಯದರ್ಶಿಯೇ ಹೋಗಿ ಹಚ್ಚಿ ಬಂದರು. ಓದಿದ ಸಾಲುಗಳು ಹೀಗಿದ್ದವು: ದೂರದೇಶದಿಂದ ಬಂದ, ಈ ನೆಲಕ್ಕೆ ತನ್ನ ಬದುಕನ್ನು ಕಟ್ಟಿಕೊಂಡ, ಕಷ್ಟದ ಕೆಲಸಕ್ಕೆ ಹೆದರಲಿಲ್ಲ, ಅವನ ನಗುಮುಖವನ್ನು ಮರೆಯುವುದಿಲ್ಲ.

ಗಾಲಿಕುರ್ಚಿಯಲ್ಲಿ ಕೂತಿದ್ದ ಅಜ್ಜಿ ನನ್ನ ಕೈ ಹಿಡಿದು ಆ ಮಾತು ಹೇಳಿದ್ದು ಆಗಲೇ. ಜೋರಾಗೇ ಹೇಳಿದರು. ಅವರಿಗೆ ಕಿವಿ ಮಂದ, ತಾವು ಎಷ್ಟು ಜೋರು ಅಂತ ಗೊತ್ತಾಗುವುದಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು.

ನಾನು ಕರಾವಳಿಯವಳು. ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಅಂತ ನಮ್ಮ ಕಡೆಯಿಂದ ಇಸ್ರೇಲಿಗೆ ಹೋದವರು ತುಂಬ ಜನ, ನಾನೂ ಒಬ್ಬಳು. ಈ ಅಜ್ಜಿಯ ಮನೆಯಲ್ಲಿದ್ದಾಗ, ಆ ನಾಲ್ಕು ಸಾಲನ್ನು ತಿದ್ದುವ ಕೆಲಸ ಒಂದು ವರ್ಷ ನಡೆಯಿತು. ಅರ್ಧ ನನ್ನ ಕೈಯಲ್ಲೇ ನಡೆಯಿತು. ಬೇರೆ ಊರಿನವರಿಗೂ, ಸತ್ತವರ ಬಗ್ಗೆ ಬರೆಯಬೇಕಾದ ಯಾರಿಗೂ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ. ಹೆಸರು ಯಾವುದೂ ಇಲ್ಲ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಸತ್ತವನನ್ನು ಅಜ್ಜಿ ಕರೆಯುತ್ತಿದ್ದ ಹಾಗೆ "ಹುಡುಗ" ಅಂತಲೇ ಕರೆಯುತ್ತೇನೆ.

ಯಾರು ಈ ಹುಡುಗ

ಕಿಬ್ಬುತ್ಸ್ ಅಂದರೆ ಎಲ್ಲರೂ ಸೇರಿ ದುಡಿದು ಹಂಚಿಕೊಂಡು ಬಾಳುವ ಊರು. ಮೊದಲನೆಯದು ದೆಗಾನಿಯಾ, ಗಲಿಲಾಯ ಸರೋವರದ ದಡದಲ್ಲಿ 1910ರಲ್ಲಿ ಶುರುವಾಯಿತು. ಆಗ ಸಂಬಳ ಇರಲಿಲ್ಲ, ಒಂದೇ ಅಡುಗೆಮನೆ. ಎಷ್ಟೋ ಕಡೆ ಮಕ್ಕಳು ಮಲಗುತ್ತಿದ್ದದ್ದೂ ಅಪ್ಪ ಅಮ್ಮನ ಜೊತೆ ಅಲ್ಲ, ಮಕ್ಕಳ ಮನೆಯಲ್ಲಿ. ಈಗ 270ರಷ್ಟು ಕಿಬ್ಬುತ್ಸ್‌ಗಳಿವೆ. 1980ರ ದಶಕದ ಸಾಲದ ಹೊಡೆತಕ್ಕೆ ಸಿಕ್ಕ ಮೇಲೆ ಹೆಚ್ಚಿನವು ಖಾಸಗಿ ದಾರಿ ಹಿಡಿದವು. ಊಟದ ಹಾಲ್ ಎಷ್ಟೋ ಕಡೆ ಮುಚ್ಚಿದೆ. ಸತ್ತವರ ನೆನಪಿನ ಕೋಣೆ, ಹಳೆ ಕಾಗದದ ಕೋಣೆ ಮಾತ್ರ ಇನ್ನೂ ಉಳಿದುಕೊಂಡಿವೆ.

ಹುಡುಗ ಬಂದದ್ದು 1970ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಡಿಸೆಂಬರಿನಲ್ಲಿ ಬೇಸಿಗೆ ಬರುವ ಒಂದು ದೇಶದಿಂದ. ಅಲ್ಲಿನ ಯಹೂದಿ ಯುವಕರ ಸಂಘದಲ್ಲಿದ್ದವನು. ಅಪ್ಪನಿಗೆ ಇಷ್ಟವಿರಲಿಲ್ಲ, ಆದರೂ ಬಂದ. ಆಗಿನ ಪದ್ಧತಿಯಂತೆ ಅರ್ಧ ದಿನ ಹೀಬ್ರೂ ಪಾಠ, ಅರ್ಧ ದಿನ ದುಡಿಮೆ. ಒಂಟಿಯಾಗಿ ಬಂದವರಿಗೆ ಕಿಬ್ಬುತ್ಸ್ ಒಂದು ಸಾಕುಮನೆ ಗೊತ್ತು ಮಾಡಿಕೊಡುತ್ತದೆ. ಸಂಜೆ ಕಾಫಿಗೆ ಹೋಗಲು, ಶುಕ್ರವಾರ ರಾತ್ರಿ ಜೊತೆಗೆ ಕೂರಲು ಒಂದು ಕುಟುಂಬ. ಈ ಹುಡುಗನಿಗೆ ಸಿಕ್ಕಿದ್ದು ಅಜ್ಜಿಯ ಮನೆ. ಅಜ್ಜಿಗೆ ಆಗ ನಲವತ್ತು.

ಮುಂದೆ ಕಿಬ್ಬುತ್ಸ್‌ನ ಸದಸ್ಯನಾದ. ಹೀಬ್ರೂ ಹೆಸರು ಇಟ್ಟುಕೊಂಡ. ಸೇನೆಯಲ್ಲಿ ಸೇವೆ ಮುಗಿಸಿದ, ಮೀಸಲು ಪಡೆಗೆ ಸೇರಿದ. 1973ರ ಅಕ್ಟೋಬರ್ 6, ಯೋಮ್ ಕಿಪ್ಪೂರ್ ಉಪವಾಸದ ದಿನ, ಮಧ್ಯಾಹ್ನ ಎರಡರ ಹೊತ್ತಿಗೆ ಈಜಿಪ್ಟ್ ಮತ್ತು ಸಿರಿಯಾ ಒಟ್ಟಿಗೆ ದಾಳಿ ಮಾಡಿದವು. ಕೆಲವೇ ದಿನದಲ್ಲಿ ಹುಡುಗ ಗೋಲಾನ್ ಬೆಟ್ಟದ ಮೇಲೆ ಸತ್ತ. ವಯಸ್ಸು 24. ಆ ಯುದ್ಧದಲ್ಲಿ ಇಸ್ರೇಲಿನ 2,600ಕ್ಕೂ ಹೆಚ್ಚು ಸೈನಿಕರು ಸತ್ತರು. ಆಚೆ ಕಡೆ ಸತ್ತವರು ಅದರ ಹಲವು ಪಟ್ಟು. ಅವರೂ ಇದೇ ವಯಸ್ಸಿನ ಹುಡುಗರೇ, ಅಲ್ವಾ. ಹೆಣಗಳು ಅಷ್ಟು ಬಂದಿದ್ದರಿಂದ ಮೊದಲು ತಾತ್ಕಾಲಿಕ ಸ್ಮಶಾನಗಳಲ್ಲಿ ಹೂತರು. ಹುಡುಗನನ್ನು ಮರುವರ್ಷ ಅಲ್ಲಿಂದ ತೆಗೆದು ಕಿಬ್ಬುತ್ಸ್‌ಗೆ ತಂದರು.

ತೊಂದರೆ ಏನಿತ್ತು

ಅಂದು ರಾತ್ರಿ ಅಜ್ಜಿ ಮಲಗಲಿಲ್ಲ. "ನಲವತ್ತೈದು ವರ್ಷದಿಂದ ಅದೇ ಓದ್ತಿದ್ದಾರೆ. ನಾನೂ ಕೇಳ್ತಾ ಕೂತಿದ್ದೆ," ಅಂದರು.

ಆ ನಾಲ್ಕು ಸಾಲು ಬರೆದದ್ದು 1974ರಲ್ಲಿ, ಅವನ ಪರಿಚಯವೇ ಇಲ್ಲದ ಒಬ್ಬರು. ಆ ವರ್ಷ ಬರೆಯಬೇಕಾದದ್ದು ಅವನೊಬ್ಬನ ಬಗ್ಗೆ ಮಾತ್ರ ಆಗಿರಲಿಲ್ಲ. ಬೇರೆಯವರಿಗೆಲ್ಲ ಅಮ್ಮ ಇದ್ದರು, ಹೆಂಡತಿ ಇದ್ದರು, "ಹಾಗಲ್ಲ, ಹೀಗೆ" ಅಂತ ತಿದ್ದಿಸಿದರು. ಇವನ ಕಡೆಯವರು ಸಮುದ್ರದಾಚೆ. ಅಜ್ಜಿಗೆ ಕಾಗದದ ಮೇಲೆ ಯಾವ ಸಂಬಂಧವೂ ಇಲ್ಲ. ಯಾರೂ ತಿದ್ದದೆ ಆ ಸಾಲು ಹಾಗೇ ಗಟ್ಟಿಯಾಯಿತು.

ಕಲ್ಲಿನ ವಿಷಯವೂ ಇದೇ. ಇಸ್ರೇಲಿನ ಸೈನಿಕ ಸಮಾಧಿಗಳು ಎಲ್ಲ ಒಂದೇ ಥರ. ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದೇಶ, ಇಲ್ಲಿಗೆ ಬಂದ ವರ್ಷ, ಸತ್ತ ದಿನ, ವಯಸ್ಸು. ಅದರಲ್ಲಿ ಒಂದು ಸಾಲು ಸ್ವಂತದ್ದು ಸೇರಿಸಬೇಕು ಅಂತ ಮನೆಯವರು ಸುಪ್ರೀಂ ಕೋರ್ಟ್ ತನಕ ಹೋದದ್ದೂ ಉಂಟು, 1990ರ ದಶಕದಲ್ಲಿ.

ನನಗೆ ನಮ್ಮ ವೀರಗಲ್ಲು ನೆನಪಾಯಿತು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗ. ಎಷ್ಟು ಊರಿನಲ್ಲಿ ನೋಡಿದರೂ ಅದೇ. ತುರು ಕಾಯಲು ಹೋಗಿ ಸತ್ತವನು ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದ, ಯಾರ ಮೇಲೆ ರೇಗುತ್ತಿದ್ದ, ಕಲ್ಲು ಹೇಳುವುದಿಲ್ಲ. ಅದು ಕಲ್ಲಿನ ತಪ್ಪಲ್ಲ ಬಿಡಿ.

ಇನ್ನೊಂದು ಬಗೆಯ ನೆನಪೂ ಆ ದೇಶದಲ್ಲಿದೆ. ಹನ್ನಾ ಸೆನೆಶ್ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು. ಬುಡಾಪೆಸ್ಟ್‌ನಿಂದ 1939ರಲ್ಲಿ ಬಂದ ಹುಡುಗಿ, ಸ್ದೋತ್ ಯಾಮ್ ಕಿಬ್ಬುತ್ಸ್‌ನವಳು. 1944ರಲ್ಲಿ ಬ್ರಿಟಿಷ್ ಸೇನೆಯ ಪರವಾಗಿ ಪ್ಯಾರಾಚೂಟಿನಲ್ಲಿ ಯುಗೊಸ್ಲಾವಿಯಕ್ಕೆ ಇಳಿದಳು, ಹಂಗೇರಿ ಗಡಿಯಲ್ಲಿ ಸಿಕ್ಕಿಬಿದ್ದಳು, ಆ ನವೆಂಬರಿನಲ್ಲಿ ಅವಳನ್ನು ಗುಂಡಿಟ್ಟು ಕೊಂದರು. 23 ವರ್ಷ. ಆದರೆ ಅವಳು ಡೈರಿ ಬರೆದಿಟ್ಟಿದ್ದಳು, ಕವಿತೆ ಬರೆದಿಟ್ಟಿದ್ದಳು. ಅವಳ ಮಾತು ಅವಳದ್ದಾಗೇ ಉಳಿಯಿತು. ನಮ್ಮ ಹುಡುಗ ಕವಿತೆ ಬರೆಯುವವನಲ್ಲ. ಹಟ್ಟಿಯಲ್ಲಿ ಹಾಲು ಕರೆಯುವವನು.

ಮೊದಲು ಮಾಡಿದ್ದು, ಮೊದಲು ಕೆಟ್ಟದ್ದು

ಅಜ್ಜಿ ಕಾಗದಗಳ ಕೋಣೆ ನೋಡಿಕೊಳ್ಳುವ ಹೆಂಗಸಿಗೆ ಹೇಳಿದರು. ಆಕೆಗೂ ಎಪ್ಪತ್ತು ದಾಟಿದೆ. ಚುರುಕು ಹೆಂಗಸು. "ಸರಿ, ತಿದ್ದೋಣ. ಆದರೆ ಏನಂತ?" ಅಂತ ಕೇಳಿದರು. ಅಜ್ಜಿಗೆ ಉತ್ತರ ಇರಲಿಲ್ಲ. ನಗುಮುಖ ಅಲ್ಲ ಅನ್ನುವುದು ಗೊತ್ತು, ಏನು ಅನ್ನುವುದು ಅಷ್ಟು ಸುಲಭಕ್ಕೆ ಬಾಯಿಗೆ ಬರಲಿಲ್ಲ.

ಹಳಬರನ್ನು ಕೇಳಿದೆವು. ಹನ್ನೊಂದು ಜನ. ಇಬ್ಬರು ಅವನನ್ನು ಬೇರೆ ಯಾರೋ ಜೊತೆ ಕಲಸಿಕೊಂಡಿದ್ದರು. ಒಬ್ಬರು ಗಿಟಾರ್ ನುಡಿಸುತ್ತಿದ್ದ ಅಂದರು, ಇನ್ನೊಬ್ಬರು ಹಾಡು ಕೇಳಿದರೆ ಎದ್ದು ಹೋಗುತ್ತಿದ್ದ ಅಂದರು. ಉಳಿದವರು ಮಾತು ಶುರು ಮಾಡಿ, ಎರಡು ನಿಮಿಷಕ್ಕೆ ಅದೇ ನಾಲ್ಕು ಸಾಲನ್ನು ನಮಗೇ ಒಪ್ಪಿಸಿದರು. ವರ್ಷ ವರ್ಷ ಕೇಳಿ ಕೇಳಿ ಅದೇ ಅವರ ನೆನಪಾಗಿಬಿಟ್ಟಿತ್ತು. ಇದು ನನಗೆ ನಿಜಕ್ಕೂ ಗಾಬರಿ ಹುಟ್ಟಿಸಿತು.

ಆಗ ಕಾಗದದ ಕೋಣೆಯ ಹೆಂಗಸು ಕೆಲಸದ ಪಟ್ಟಿ ತೆಗೆದರು. ಕಿಬ್ಬುತ್ಸ್‌ನಲ್ಲಿ ನಾಳೆ ಯಾರು ಎಲ್ಲಿ ದುಡಿಯಬೇಕು ಅಂತ ದಿನವೂ ಒಂದು ಪಟ್ಟಿ ಹಚ್ಚುತ್ತಿದ್ದರು. ಇಲ್ಲಿ ಅದನ್ನೆಲ್ಲ ಎತ್ತಿಟ್ಟಿದ್ದರು. ನಾವಿಬ್ಬರೂ ಮೂರು ವಾರ ಕೂತು ನೋಡಿದೆವು. ಹುಡುಗನ ಹೆಸರಿನ ಮುಂದೆ ಹಟ್ಟಿ, ಬೆಳಗಿನ ಜಾವ ಮೂರು ಗಂಟೆಯ ಪಾಳಿ. ಹದಿನಾಲ್ಕು ತಿಂಗಳು ಅದೇ. ಆಮೇಲೆ ಕಿತ್ತಳೆ ತೋಟ, ಎರಡು ತಿಂಗಳು. ಅಲ್ಲಿಂದ ಮತ್ತೆ ಹಟ್ಟಿ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದರು: ಅವನೇ ಕೇಳಿಕೊಂಡ.

ಹಟ್ಟಿಯ ಡಬ್ಬದಲ್ಲಿ ಒಂದು ಫೋಟೋ ಸಿಕ್ಕಿತು. ನೆನಪಿನ ಕೋಣೆಯ ಗೋಡೆಯಲ್ಲಿ ತೂಗುವ ಫೋಟೋನೇ ಅದು, ಆದರೆ ಪೂರ್ತಿ. ಗೋಡೆಯ ಮೇಲಿರುವುದು ಬರೀ ಮುಖ: ಗಂಭೀರ, ದೂರ ನೋಡುವ ಕಣ್ಣು. ಪೂರ್ತಿ ಫೋಟೋದಲ್ಲಿ ಅವನು ನೋಡುತ್ತಿರುವುದು ಒಂದು ಕರುವನ್ನು. ಅದು ಅವನ ಅಂಗಿಯ ತುದಿ ಬಾಯಿಗೆ ಹಾಕಿಕೊಂಡು ಜಗಿಯುತ್ತಿದೆ. 1974ರಲ್ಲಿ ಕರುವನ್ನು ಕತ್ತರಿಸಿ ತೆಗೆದು ಮುಖ ಮಾತ್ರ ಇಟ್ಟಿದ್ದರು.

ಇನ್ನು ಅಕ್ಕನ ವಿಷಯ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಅಕ್ಕ ಮಾತ್ರ ಆ ದೇಶದಲ್ಲೇ ಇದ್ದಾರೆ ಅಂತ ಗೊತ್ತಾಯಿತು. ಕಿಬ್ಬುತ್ಸ್ ಕಚೇರಿಯಿಂದ ಒಂದು ಪತ್ರ ಹೋಯಿತು. ಲೆಟರ್‌ಹೆಡ್, "ನಿಮ್ಮ ಪ್ರೀತಿಯ ತಮ್ಮನ ಸ್ಮರಣೆಯನ್ನು ಗೌರವಿಸುವ ಸಲುವಾಗಿ ದಾಖಲೆಗಳನ್ನು ಕಳಿಸಿಕೊಡಬೇಕು" ಅನ್ನುವ ಧಾಟಿ. ಎರಡು ತಿಂಗಳು ಉತ್ತರವೇ ಇಲ್ಲ.

"ನಾನೇ ಬರೀತೀನಿ," ಅಂದರು ಅಜ್ಜಿ. ಅವರು ಹೀಬ್ರೂದಲ್ಲಿ ಹೇಳಿದರು, ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಬರೆದೆ. ಏನನ್ನೂ ಕೇಳಲಿಲ್ಲ. ಅವನು ನಮ್ಮ ಮನೆಯಲ್ಲಿ ಯಾವ ಕುರ್ಚಿಯಲ್ಲಿ ಕೂರುತ್ತಿದ್ದ, ಬದನೆಕಾಯಿ ಮುಟ್ಟುತ್ತಿರಲಿಲ್ಲ, ನನ್ನ ಚಿಕ್ಕ ಮಗನಿಗೆ ಸೈಕಲ್ ಕಲಿಸಿದ, ಇಷ್ಟೇ. ಜೊತೆಗೆ ಕರುವಿನ ಫೋಟೋ. ಮೂರು ವಾರಕ್ಕೆ ಉತ್ತರ ಬಂತು. ಮೊದಲ ಸಾಲೇ: ಬದನೆಕಾಯಿ ಅವನಿಗೆ ಚಿಕ್ಕಂದಿನಿಂದ ಆಗಿಬರುವುದಿಲ್ಲ.

ಮೂವತ್ತೊಂದು ಪತ್ರ

ಅಕ್ಕನ ಹತ್ತಿರ ಒಂದು ಶೂ ಡಬ್ಬ ಇತ್ತು. ಅದರಲ್ಲಿ ಅವನು ಮನೆಗೆ ಬರೆದ ಪತ್ರಗಳು, ಆ ನೀಲಿ ಬಣ್ಣದ ತೆಳು ಏರೋಗ್ರಾಮುಗಳು. ಸ್ಕ್ಯಾನ್ ಮಾಡಿ ಕಳಿಸಿದರು. ಜೊತೆಗೆ ಎರಡು ಷರತ್ತು. ಒಂದು, ಅಮ್ಮ ಇಟ್ಟ ಹೆಸರಿನಲ್ಲಿ ಅವನನ್ನು ಕರೆಯಬೇಕು. ಇನ್ನೊಂದು, ಕೊನೆಯ ಪತ್ರದ ಹಿಂದಿನ ಪತ್ರವನ್ನು ಎಲ್ಲರ ಮುಂದೆ ಓದಬೇಕು.

ಆ ಪತ್ರ ಸೆಪ್ಟೆಂಬರಿನದ್ದು. ದುಡ್ಡು ಕೂಡಿಸುತ್ತಿದ್ದೇನೆ, ಡಿಸೆಂಬರಿಗೆ ಬರುತ್ತೇನೆ, ಪ್ರಾಯಶಃ ಪೂರ್ತಿ ವಾಪಸ್, ಅಪ್ಪನಿಗೆ ಈಗಲೇ ಹೇಳಬೇಡ, "ನಾನು ಮೊದಲೇ ಹೇಳಿದ್ದೆ" ಅಂತ ಶುರು ಮಾಡುತ್ತಾರೆ. ಇಷ್ಟು.

ಹೊರಗಿನವರಿಗೆ ಇದರಲ್ಲೇನಿದೆ ಅನ್ನಿಸಬಹುದು. ಆದರೆ ಹೀಬ್ರೂದಲ್ಲಿ ಆ ದೇಶಕ್ಕೆ ಬಂದು ನೆಲೆಸುವುದಕ್ಕೆ ಅಲಿಯಾ ಅನ್ನುತ್ತಾರೆ, ಅಂದರೆ ಏರುವುದು. ಬಿಟ್ಟು ಹೋಗುವುದಕ್ಕೆ ಯೆರಿದಾ, ಇಳಿಯುವುದು. ಇಳಿದವನು ಅನ್ನುವುದು ಆ ಕಾಲದಲ್ಲಿ ಬೈಗುಳ. 1976ರಲ್ಲಿ ಪ್ರಧಾನಿ ರಾಬಿನ್ ಅವರೇ ಒಂದು ಸಂದರ್ಶನದಲ್ಲಿ, ಬಿಟ್ಟು ಹೋಗುವವರು ಕೈಲಾಗದವರು, ಉದುರಿಹೋದವರು ಅನ್ನುವ ಅರ್ಥ ಬರುವಂತೆ ಹೀಗಳೆದಿದ್ದರು. ನೆಲಕ್ಕೆ ಬದುಕು ಕಟ್ಟಿಕೊಂಡ ಅಂತ 45 ವರ್ಷ ಯಾರ ಬಗ್ಗೆ ಓದಿದರೋ, ಅವನೇ ಮೂಟೆ ಕಟ್ಟುತ್ತಿದ್ದ ಅಂತ ಹೇಗೆ ಓದುವುದು?

ಸಭೆ ಸೇರಿತು, ಆರು ಜನ. ಅವನ ಜೊತೆಗೇ ಗೋಲಾನಿಗೆ ಹೋಗಿ ಬದುಕಿ ಬಂದ ಒಬ್ಬ ಮುದುಕರು ಸಿಟ್ಟಾದರು. "ಅವನು ಹೊರಡೋಕೆ ಮುಂಚೆ ಕರೆ ಬಂತು, ಹೋದ, ಸತ್ತ. ಡಿಸೆಂಬರ್ ಬರಲೇ ಇಲ್ಲ. ಬಾರದ ಡಿಸೆಂಬರ್ ವಿಷಯ ಯಾಕೆ?" ಅಂದರು. ಅದರಲ್ಲೂ ಅರ್ಥವಿದೆ ಅನ್ನಿಸಿತು ನನಗೆ. ಕಾಗದದ ಕೋಣೆಯವರು ಪತ್ರವನ್ನು ಸಂಗ್ರಹದಲ್ಲಿ ಇಡೋಣ, ಓದುವುದು ಬೇಡ ಅಂದರು. ಕಾರ್ಯದರ್ಶಿ ಮುಂದಿನ ವರ್ಷ ನೋಡೋಣ ಅಂದರು.

ಅಜ್ಜಿ ಅಲ್ಲಿಯವರೆಗೆ ಸುಮ್ನೆ ಕೂತಿದ್ದರು. ಆಮೇಲೆ ಹೇಳಿದರು: "ನನಗೆ ಗೊತ್ತಿತ್ತು."

ಅವನು ಸೆಪ್ಟೆಂಬರಿನಲ್ಲೇ ಹೊರಡಬೇಕು ಅಂತಿದ್ದನಂತೆ. ಅಜ್ಜಿಗೆ ಬಂದು ಹೇಳಿದ್ದ. ಅಜ್ಜಿ ಅಂದದ್ದು "ಅಖರೆ ಹಖಗಿಮ್". ಹಬ್ಬ ಮುಗೀಲಿ. ಇಸ್ರೇಲಿನಲ್ಲಿ ಇದು ದಿನನಿತ್ಯದ ಮಾತು. ಶರತ್ಕಾಲದಲ್ಲಿ ಹೊಸ ವರ್ಷ, ಯೋಮ್ ಕಿಪ್ಪೂರ್, ಸುಕ್ಕೋತ್ ಅಂತ ಸಾಲಾಗಿ ಮೂರು ವಾರ ಹಬ್ಬ. ಬ್ಯಾಂಕಿನ ಕೆಲಸ, ಪ್ಲಂಬರ್, ಮದುವೆ ಮಾತು, ಎಲ್ಲಕ್ಕೂ ಅದೇ ಉತ್ತರ. ನಮ್ಮಲ್ಲಿ ಆಷಾಢ ಕಳೀಲಿ ಅನ್ನುವ ಹಾಗೆ. ಏನೂ ಯೋಚಿಸದೆ ಬಾಯಿಗೆ ಬರುವ ಮಾತು. ಅವನು ಸರಿ ಅಂದ. ಡಿಸೆಂಬರಿಗೆ ಹಾಕಿಕೊಂಡ.

ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಿಟ್ಟಾಗಿದ್ದ ಮುದುಕರು ಎದ್ದು ಹೋಗಿ ಅಜ್ಜಿಗೆ ನೀರು ತಂದುಕೊಟ್ಟರು.

ಪ್ರಕರಣ ತಿರುಗಿದ್ದು ಇಲ್ಲಿ. ಅಲ್ಲಿಯವರೆಗೆ ಕಿಬ್ಬುತ್ಸ್‌ನ ಮರ್ಯಾದೆ ಒಂದು ಕಡೆ, ಅಕ್ಕನ ಹಟ ಇನ್ನೊಂದು ಕಡೆ ಅನ್ನುವ ಹಾಗಿತ್ತು. ಈಗ ನಡುವೆ ಒಬ್ಬ ಮುದುಕಿ ಬಂದು ಕೂತರು. ಪತ್ರ ಓದಿದರೆ ಅವರ ಗುಟ್ಟೂ ಹೊರಗೆ. ಓದದಿದ್ದರೆ ಅವರು ಇನ್ನೂ ಅದನ್ನು ಒಬ್ಬರೇ ಹೊರಬೇಕು.

ಅಜ್ಜಿ ಯಾರನ್ನೂ ಕೇಳದೆ ಆ ವಾರ ಅಕ್ಕನಿಗೆ ಫೋನ್ ಮಾಡಿಸಿದರು. ಫೋನು ಸ್ಪೀಕರಿನಲ್ಲಿತ್ತು, ನಾನು ಪಕ್ಕದಲ್ಲೇ ಇದ್ದೆ, ಎರಡೂ ಕಡೆ ಭಾಷೆ ದಾಟಿಸುತ್ತಾ. ಹಬ್ಬ ಮುಗೀಲಿ ಅಂದವಳು ನಾನು, ಅಂತ ಅಜ್ಜಿ ಹೇಳಿದರು. ಆಚೆ ಕಡೆ ಬಹಳ ಹೊತ್ತು ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಅಕ್ಕ ಕೇಳಿದ್ದು: "ಆ ದಿನ ಅವನು ಏನಾದರೂ ತಿಂದಿದ್ದನಾ?"

ಅಜ್ಜಿಗೆ ಗೊತ್ತಿತ್ತು. ಅವನಿಗೆ ದೇವರು ದಿಂಡರು ಇರಲಿಲ್ಲ, ಆದರೆ ಅಮ್ಮನಿಗೋಸ್ಕರ ಯೋಮ್ ಕಿಪ್ಪೂರಿಗೆ ಉಪವಾಸ ಮಾಡುತ್ತಿದ್ದ. ಉಪವಾಸ ಇದ್ದರೂ ದನ ಸುಮ್ಮನಿರುವುದಿಲ್ಲವಲ್ಲ, ಹಾಲು ಕರೆಯಲೇಬೇಕು. ಕರೆದು ಬಂದ. ಸಂಜೆಗೆ ಕರೆ ಬಂತು. ಹಟ್ಟಿಯ ಬೂಟಿನಲ್ಲೇ ಹೊರಟವನಿಗೆ ಅಜ್ಜಿ ಬ್ರೆಡ್ಡು, ಹೆಚ್ಚಿದ ಸೌತೆಕಾಯಿ, ಬೇಯಿಸಿದ ಎರಡು ಮೊಟ್ಟೆ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಒಂದು ಮೊಟ್ಟೆ ಅಲ್ಲೇ ನಿಂತು ತಿಂದ. ಇನ್ನೊಂದು ಜೇಬಿಗೆ ಹಾಕಿಕೊಂಡ.

ಆ ಫೋನಿನ ನಂತರ ಅಕ್ಕ ಎರಡನೇ ಷರತ್ತು ಬಿಟ್ಟರು. ಮೊದಲನೆಯದು ಬಿಡಲಿಲ್ಲ.

ಒಂದು ಕ್ರಿಯಾಪದದ ಜಗಳ

ಹೊಸ ಸಾಲುಗಳನ್ನು ಕಾಗದದ ಕೋಣೆಯವರು ಬರೆದರು. ಎರಡು ಹೆಸರು, ಅಮ್ಮ ಇಟ್ಟದ್ದು ಮೊದಲು. ಹಟ್ಟಿ, ಮೂರು ಗಂಟೆಯ ಪಾಳಿ, ತಾನೇ ಕೇಳಿ ವಾಪಸ್ ಬಂದದ್ದು. ಕಡಿಮೆ ಮಾತಾಡುತ್ತಿದ್ದ, ಮೊದಲ ವರ್ಷ ನಕ್ಕಿದ್ದು ಕಡಿಮೆ. ಒಂದು ಮಗುವಿಗೆ ಸೈಕಲ್ ಕಲಿಸಿದ. ಡಿಸೆಂಬರಿನ ಬಗ್ಗೆ ಒಂದೇ ಸಾಲು. ಜಗಳ ಅದರ ಕ್ರಿಯಾಪದಕ್ಕೆ.

"ಲಖ್ಜೋರ್" ಅಂದರೆ ವಾಪಸಾಗುವುದು. "ಲೆವಕೇರ್" ಅಂದರೆ ಸುಮ್ನೆ ಹೋಗಿ ನೋಡಿ ಬರುವುದು. ಮೊದಲನೆಯದಕ್ಕೆ ಮುದುಕರು ಒಪ್ಪಲಿಲ್ಲ, ಎರಡನೆಯದು ಸುಳ್ಳು ಅಂದರು ಅಜ್ಜಿ. ಹದಿನೈದು ದಿನ ಎಳೆದಾಡಿದರು. ನಮ್ಮ ಭಾಷೆಯಲ್ಲಾಗಿದ್ದರೆ ಈ ಜಗಳವೇ ಇರುತ್ತಿರಲಿಲ್ಲ ಅಂದುಕೊಂಡೆ. ನಾವು ಹೇಗೂ ಹೋಗ್ತೇನೆ ಅನ್ನುವುದಿಲ್ಲ, ಶಾಶ್ವತವಾಗಿ ಹೊರಟರೂ ಹೋಗಿ ಬರ್ತೇನೆ ಅಂತಲೇ ಅನ್ನುವುದು. ಕೊನೆಗೆ "ಲಿನ್ಸೋಅ" ಅಂತ ಇಟ್ಟರು. ಪ್ರಯಾಣ ಹೊರಡುವುದು, ಅಷ್ಟೇ. ಬರುವುದೋ ಬಾರದಿರುವುದೋ ಅದರಲ್ಲಿಲ್ಲ. "ಆ ಡಿಸೆಂಬರಿಗೆ ತನ್ನವರಿದ್ದ ಕಡೆ ಹೊರಡುವವನಿದ್ದ."

ಪತ್ರಗಳ ಪ್ರತಿ ಸಂಗ್ರಹದಲ್ಲಿವೆ. ಕೇಳಿದವರು ಓದಬಹುದು. ಕಲ್ಲನ್ನು ಮುಟ್ಟಲಿಲ್ಲ. ಅಕ್ಕನಿಗೂ ಅದು ಬೇಕಿರಲಿಲ್ಲ. ಗೋಡೆಯ ಮೇಲೆ ಪೂರ್ತಿ ಫೋಟೋ ಬಂತು, ಕರು ಸಮೇತ.

2019ರ ಮೇ ತಿಂಗಳಲ್ಲಿ ಅದನ್ನು ಓದಿದರು. ಓದಿದ್ದು ಈಗಿನ ಹಟ್ಟಿಯ ಮೇಲ್ವಿಚಾರಕ, ಹುಡುಗ ಸತ್ತ ಎಷ್ಟೋ ವರ್ಷದ ಮೇಲೆ ಹುಟ್ಟಿದವನು. ದೀಪ ಹಚ್ಚಲು ಅಜ್ಜಿಯ ಚಿಕ್ಕ ಮಗ ಎದ್ದ. ಸೈಕಲ್ ಕಲಿತವನು, ಈಗ ಐವತ್ತು ದಾಟಿದ ಗಂಡಸು. ಅಕ್ಕ ಫೋನಿನಲ್ಲಿ ಕೇಳಿಸಿಕೊಂಡರು. ಎಲ್ಲರಿಗೂ ಹಿಡಿಸಲಿಲ್ಲ. "ನಕ್ಕಿದ್ದು ಕಡಿಮೆ" ಅಂತ ಸತ್ತವನ ಬಗ್ಗೆ ಓದುತ್ತಾರಾ ಅಂತ ಒಬ್ಬರು ಕೇಳಿದರು. ನೀರು ತಂದುಕೊಟ್ಟಿದ್ದ ಆ ಮುದುಕರು ಆ ರಾತ್ರಿ ಬರಲಿಲ್ಲ.

ನನಗೆ ತಿಳಿದದ್ದು

ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಮೊದಲು ಹೇಳುವುದು ಇದನ್ನೇ: ನೆನಪಿದೆಯಾ ಅಂತ ಜನರನ್ನು ಕೇಳುವ ಮುಂಚೆ ಹಾಜರಿ ಪುಸ್ತಕ, ಪಾಳಿ ಪಟ್ಟಿ, ಅಂಗಡಿಯ ಲೆಕ್ಕ ಹುಡುಕಿ. ಯಾರನ್ನೂ ಹೊಗಳಲು ಬರೆದದ್ದಲ್ಲ ಅದು, ಅದಕ್ಕೇ ನಂಬಬಹುದು. ಪಟ್ಟಿ ಹಿಡಿದುಕೊಂಡು ಮತ್ತೆ ಹೋದಾಗ ಅದೇ ಹಳಬರು ಬೇರೆ ಥರ ಮಾತಾಡಿದರು. "ಓ, ಮೂರು ಗಂಟೆ ಪಾಳಿ, ಹೌದು, ಅವನ ಟಾರ್ಚು ನನ್ನ ಕಿಟಕಿಗೆ ಬೀಳ್ತಿತ್ತು," ಅಂದರು ಒಬ್ಬರು.

ಸತ್ತವರ ಮನೆಯವರಿಗೆ ಬರೆಯುವಾಗ ಕೈಚಾಚಬೇಡಿ. ನಿಮ್ಮ ಹತ್ತಿರ ಇರುವುದನ್ನು ಮೊದಲು ಕೊಡಿ. ಬದನೆಕಾಯಿ ಆದರೂ ಸರಿ.

ನಾವು ತಪ್ಪಿದ್ದೂ ಇದೆ. ಅಜ್ಜಿಯನ್ನು ಎಲ್ಲರಿಗಿಂತ ಮೊದಲು, ಒಬ್ಬರನ್ನೇ ಕೂರಿಸಿ ಕೇಳಬೇಕಿತ್ತು. ಕಾಗದದಲ್ಲಿ ಸಂಬಂಧ ಇಲ್ಲದವರು ಅಂತ ನಾವೂ ಅವರನ್ನು ಬರೀ ದೂರು ಕೊಟ್ಟವರ ಹಾಗೆ ನೋಡಿದೆವು. ಆ ಗುಟ್ಟು ಆರು ಜನರ ಮುಂದೆ ಬೀಳಬೇಕಾಗಿರಲಿಲ್ಲ. ಇನ್ನು "ಲಿನ್ಸೋಅ" ಸರಿಯಾದ ಪದವಾ ಅಂತ ನನಗೆ ಈಗಲೂ ಅನುಮಾನ. ಎಲ್ಲರೂ ಒಪ್ಪಿದ ಪದ, ಹೌದು. ಅವನು ಬರೆದ ಪದ ಅಲ್ಲ.

ಇದನ್ನು ಬರೆಯಲು ಅಜ್ಜಿ ಒಪ್ಪಿಗೆ ಕೊಟ್ಟಿದ್ದರು. ನಾನು ಹೋದ ಮೇಲೆ ಬರಿ, ಹೆಸರು ಹಾಕಬೇಡ ಅಂದಿದ್ದರು.

2020ರ ಏಪ್ರಿಲ್ 28. ಕೊರೊನಾ ಲಾಕ್‌ಡೌನ್. ಆ ವರ್ಷ ಸ್ಮರಣೆಯ ದಿನ ಸ್ಮಶಾನಗಳಿಗೆ ಮನೆಯವರನ್ನೂ ಬಿಡಲಿಲ್ಲ. ನಾವಿಬ್ಬರೂ ಜಗಲಿಯಲ್ಲಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೆ ಸೈರನ್ ಶುರುವಾಯಿತು, ಬೆಳಗಿನದ್ದು ಎರಡು ನಿಮಿಷ. ಅಜ್ಜಿ ವಾಕರ್ ಹಿಡಿದು ಎದ್ದು ನಿಂತರು. ಎದುರು ಮನೆಗಳ ಜಗಲಿಯಲ್ಲೂ ಒಬ್ಬೊಬ್ಬರು ನಿಂತಿದ್ದರು. ಸೈರನ್ ಇಳಿದ ಮೇಲೆ ಏಪ್ರನ್ನಿನ ಜೇಬಿನಿಂದ ಮಡಚಿದ ಹಾಳೆ ತೆಗೆದರು. ದೊಡ್ಡ ಅಕ್ಷರದಲ್ಲಿ ನಾನೇ ಪ್ರಿಂಟ್ ತೆಗೆಸಿಕೊಟ್ಟದ್ದು. ತಮ್ಮ ಎಂದಿನ ಜೋರು ದನಿಯಲ್ಲಿ ಓದಿದರು. ಎರಡು ಹೆಸರು, ಹಟ್ಟಿ, ಪಾಳಿ, ಸೈಕಲ್. ಡಿಸೆಂಬರಿನ ಸಾಲಿಗೆ ಬಂದಾಗ ಹಾಳೆಯಲ್ಲಿ ಇದ್ದದ್ದು "ಲಿನ್ಸೋಅ". ಅಜ್ಜಿ ಓದಿದ್ದು "ಲಖ್ಜೋರ್". ಅದರ ಮುಂದೆ ಹಾಳೆಯಲ್ಲಿ ಇಲ್ಲದ ಇನ್ನೊಂದು ಪದ ಸೇರಿಸಿದರು, "ಹಬೈತಾ". ಮನೆಗೆ.

ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಕೂತರು. ಚಹಾ ಆರಿದೆ, ಬಿಸಿ ಮಾಡಿ ತಾ ಅಂದರು.